ಖಾಲಿ ಫ್ಲಾಶ್

ಟಿಕೋಟಾದಿಂದ ಬಬಲೇಶ್ವರದ ತನಕ ಎಷ್ಟು ಮನೆಗಳ ಪಡಸಾಲೆಯಲ್ಲಿ ನನ್ನ ಕಣ್ಣುಗಳು ನೇತಾಡುತ್ತಿವೆಯೋ ನನಗೆ ಲೆಕ್ಕವಿಲ್ಲ. ಗಂಧದ ಹಾರ ಹಾಕಿಸಿಕೊಂಡು, ವಿಭೂತಿ ಹಚ್ಚಿಸಿಕೊಂಡು, ದಿನಾ ಸಂಜೆ ಊದಿನಕಡ್ಡಿಯ ಹೊಗೆ ಕುಡಿಯುತ್ತ ಅವು ಅಲ್ಲೇ ಇವೆ. ನಾನು ಮಾತ್ರ ಇನ್ನೂ ಬದುಕಿದ್ದೇನೆ. ಬದುಕಿರುವಾಗಲೇ ಇಷ್ಟು ಮನೆಗಳಲ್ಲಿ ಪೂಜೆ ಮಾಡಿಸಿಕೊಳ್ಳುವ ಯೋಗ ಎಲ್ಲರಿಗೂ ಬರುವುದಿಲ್ಲ. ಈ ಪುಣ್ಯವನ್ನು ನನಗೆ ಗಳಿಸಿಕೊಟ್ಟವರು ನನ್ನ ಗಂಡ ಸಿದ್ದಲಿಂಗೇಶ, ಟಿಕೋಟಾ ಬಸ್‌ಸ್ಟ್ಯಾಂಡಿನ ಎದುರಿನ ‘ಸೌಭಾಗ್ಯ ಫೋಟೋ ಸ್ಟುಡಿಯೋ’ದ ಮಾಲೀಕರು.

ಸೌಭಾಗ್ಯ ಎಂದರೆ ನಾನೇ. ಅಂಗಡಿಗೆ ಹೆಂಡತಿಯ ಹೆಸರಿಟ್ಟಿದ್ದಾರೆ, ಎಷ್ಟು ಪ್ರೀತಿ ಎಂದುಕೊಳ್ಳಬೇಡಿ. ಕ್ಯಾಮೆರಾ ಕೊಡಿಸಿದವರು ನಮ್ಮಪ್ಪ. ಮಾವನ ಬಾಯಿ ಮುಚ್ಚಿಸಲು ಬೋರ್ಡಿನ ಮೇಲೆ ಮಗಳ ಹೆಸರು ಬರೆಸುವುದೇ ಸುಲಭ ಎಂದು ಇವರಿಗೆ ಹೊಳೆದಿತ್ತು.

ಆ ಕ್ಯಾಮೆರಾ ರೀಲು ಹಾಕುವಂಥದ್ದು. ಅದರಲ್ಲಿ ತಾನಾಗಿ ಆಗುವ ಕೆಲಸ ಒಂದೂ ಇರಲಿಲ್ಲ, ಎಲ್ಲವನ್ನೂ ಕೈಯಿಂದ ತಿರುಗಿಸಿ ಹೊಂದಿಸಬೇಕು. ಇವರಿಗೆ ಬೇಕಾಗಿದ್ದದ್ದೂ ಅದೇ. ಮದುವೆ ಮಂಟಪದಲ್ಲಿ ಒಮ್ಮೆ ಆಕಾಶ ನೋಡುವರು, ಒಮ್ಮೆ ಹುಬ್ಬು ಗಂಟು ಹಾಕುವರು, ಲೆನ್ಸಿನ ಬಳೆ ಆ ಕಡೆ ತಿರುಗಿಸಿ ಮತ್ತೆ ಈ ಕಡೆ ತಿರುಗಿಸಿ, ಹಿಂದೆ ಸರಿದು ಯಾರದೋ ಕಾಲು ತುಳಿದು, ಮುಂದೆ ಬಂದು, ಉಸಿರು ಹಿಡಿದು ನಿಲ್ಲುವರು. ಅಷ್ಟರಲ್ಲಿ ಮದುಮಗನ ಕೊರಳಿನ ಹಾರ ಬಾಡಿರುತ್ತಿತ್ತು. ಮಂದಿ ಮಾತ್ರ ‘ಎಷ್ಟು ಚಿಂತೆ ಮಾಡಿ ತಗೀತಾನ ನೋಡು’ ಎಂದು ಮೆಚ್ಚುತ್ತಿದ್ದರು.

ಚಿಂತೆ ಇದ್ದದ್ದು ರೀಲಿನದು. ಒಂದು ರೀಲಿನಲ್ಲಿ ಮೂವತ್ತಾರು ಫೋಟೋ. ಮದುವೆಗೆ ಬಂದ ಬೀಗರಿಗೆಲ್ಲ ಫೋಟೋ ಬೇಕು. ಅತ್ತೆಯ ಅಣ್ಣನ ಮಗನಿಗೆ ಬೇಕು, ಅವನ ಗೆಳೆಯನಿಗೆ ಬೇಕು, ಅಡಿಗೆಯವನಿಗೂ ಸವುಟು ಹಿಡಿದುಕೊಂಡು ಒಂದು ಬೇಕು. ಬೇಡ ಎಂದರೆ ಊರ ತುಂಬ ಸಿಟ್ಟು. ಅದಕ್ಕೆ ಇವರು ಕಂಡುಕೊಂಡ ಉಪಾಯವೇ ಖಾಲಿ ಫ್ಲಾಶ್. ಫ್ಲಾಶಿನ ಬೆನ್ನಿಗೆ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆಳಕು ಮಾತ್ರ ಬೀಳುತ್ತದೆ, ಫೋಟೋ ಬರುವುದಿಲ್ಲ. ಆದರೆ ಕ್ಯಾಮೆರಾದ ಸದ್ದು ಬೇಕಲ್ಲ? ಅದನ್ನು ಇವರು ನಾಲಗೆಯಿಂದ ಮಾಡುತ್ತಿದ್ದರು. ಬೆಳಕಿನ ಜೊತೆಗೆ ಅಂಗುಳಕ್ಕೆ ನಾಲಗೆ ಹಚ್ಚಿ ‘ಟಕ್’. ನಿಂತವರು ಖುಷಿಯಿಂದ ಊಟಕ್ಕೆ ಹೋಗುತ್ತಿದ್ದರು.

ಆಲ್ಬಮ್ ಬಂದ ಮೇಲೆ ತಮ್ಮ ಫೋಟೋ ಇಲ್ಲವೆಂದು ಯಾರಾದರೂ ಅಂಗಡಿಗೆ ಬಂದರೆ ಅದಕ್ಕೂ ಉತ್ತರ ತಯಾರಿತ್ತು. “ನೀವು ಕಣ್ಣ ಮುಚ್ಚಿದ್ರಿ. ಚಂದ ಕಾಣೂದಿಲ್ಲಂತ ಪ್ರಿಂಟ್ ಹಾಕಲಿಲ್ಲ.” ಬಂದವರು ತಮ್ಮದೇ ತಪ್ಪು ಎಂಬಂತೆ ನಾಚಿಕೊಂಡು ಹೋಗುತ್ತಿದ್ದರು. ನಾನು ಕೌಂಟರಿನಲ್ಲಿ ಕುಳಿತು ಕೇಳಿದ ಪ್ರಕಾರ ನಮ್ಮ ಕಡೆಯ ಅರ್ಧ ಮಂದಿ ಮದುವೆಗಳಲ್ಲಿ ಕಣ್ಣು ಮುಚ್ಚಿಕೊಂಡೇ ಓಡಾಡುತ್ತಿದ್ದರು.

ನನ್ನದೊಂದು ಫೋಟೋ ತೆಗೆಯಿರಿ ಎಂದರೆ “ಮನಿ ಮಂದಿಗೆ ರೀಲ್ ಹಾಳ ಮಾಡೂದೇನ?” ಎನ್ನುತ್ತಿದ್ದರು. ಖಾಲಿ ಫ್ಲಾಶಿನ ಯೋಗ್ಯತೆಯೂ ನನಗಿರಲಿಲ್ಲ.

ಆದರೆ ಒಂದು ಕೆಲಸದಲ್ಲಿ ಇವರದು ನಿಜಕ್ಕೂ ಒಳ್ಳೆಯ ಕೈ. ಅದನ್ನು ಒಪ್ಪಿಕೊಳ್ಳಲು ನನಗೆ ಸಂಕಟವಾದರೂ ಹೇಳುತ್ತೇನೆ. ನಮ್ಮವರಲ್ಲಿ ಯಾರಾದರೂ ತೀರಿಕೊಂಡರೆ ಮೈ ತೊಳೆದು, ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ ಹೂವು ಏರಿಸುತ್ತಾರೆ. ಮಣ್ಣಿಗೆ ಒಯ್ಯುವ ಮೊದಲು ಫೋಟೋದವನಿಗೆ ಹೇಳಿ ಕಳಿಸುತ್ತಾರೆ. ಎಷ್ಟೋ ಮುದುಕ ಮುದುಕಿಯರಿಗೆ ಅದೇ ಮೊದಲ ಫೋಟೋ. ಆದರೆ ಕಣ್ಣು ಮುಚ್ಚಿದ ಮುಖವನ್ನು ಗೋಡೆಗೆ ಹಾಕಲು ಮಕ್ಕಳಿಗೆ ಮನಸ್ಸಾಗುವುದಿಲ್ಲ. “ಕಣ್ಣ ತೆರಸಿ ಕೊಡ್ರಿ” ಎನ್ನುತ್ತಾರೆ. ಇವರು ಆ ಮನೆಗೆ ಹೋಗಿ ಕೂರುತ್ತಿದ್ದರು. ಕಣ್ಣು ಹೇಗಿದ್ದವು? ದೊಡ್ಡವೋ, ಒಳಗೆ ಹೋಗಿದ್ದವೋ? ನಗುವಾಗ ಸಣ್ಣ ಆಗುತ್ತಿದ್ದವೋ? ಹಿರಿಯ ಮಗ ಆಕಳ ಕಣ್ಣಿನ ಹಾಗೆ ಇದ್ದವು ಎಂದರೆ, ಕಿರಿಯ ಸೊಸೆ ಮುಖ ಆ ಕಡೆ ತಿರುಗಿಸಿ “ದೊಡ್ಡವ ಇದ್ದುವು, ಭಾಳ ದೊಡ್ಡವ” ಎನ್ನುವಳು. ಅವರು ಜಗಳಾಡಿ, ನಕ್ಕು, ಕಡೆಗೆ ಎಲ್ಲರೂ ಕೂಡಿ ಅತ್ತ ಮೇಲೆ ಇವರು ಎದ್ದು ಬಂದು, ಕೂದಲಿನಷ್ಟು ಸಣ್ಣ ಬ್ರಶ್ಶಿನಿಂದ ಫೋಟೋದ ಮುಚ್ಚಿದ ರೆಪ್ಪೆಗಳ ಮೇಲೆ ಕಣ್ಣು ಬರೆಯುತ್ತಿದ್ದರು. ‘ಚಹಾ ಕುಡಿಯಲು ಒಳ್ಳೆಯ ನೆಪ’ ಎಂದು ನಾನು ಆಡಿಕೊಳ್ಳುತ್ತಿದ್ದೆ.

ಹೀಗಿರುವಾಗ ಒಂದು ದಿನ ಇವರು ವಿಜಯಪುರದಿಂದ ತೊಳೆಯದ ರೀಲುಗಳನ್ನು ಹಾಗೆಯೇ ಹಿಡಿದುಕೊಂಡು ಬಂದರು. ಆಗಿನ್ನೂ ಅದು ಬಿಜಾಪುರವೇ ಆಗಿತ್ತು. ಇಬ್ರಾಹಿಂಪುರದ ಅಬ್ದುಲಸಮದ ಅಲ್ಲಿ ಕಲರ್ ಲ್ಯಾಬ್ ಇಟ್ಟುಕೊಂಡಿದ್ದ. ಇವರ ರೀಲು ತೊಳೆಯುತ್ತಿದ್ದವನು ಅವನೇ. “ಸಿದ್ದಲಿಂಗೇಶ ಭಾಯ್, ತೊಳಿಯೂ ಮಷೀನ್ ಬಂದ್ ಮಾಡೇನಿ. ಸುತ್ತ ಹತ್ತ ಊರಾಗ ರೀಲ್ ತರಾಂವ ನೀ ಒಬ್ಬನ ಉಳದಿ. ನಿನ್ನೊಬ್ಬನ ಸಲುವಾಗಿ ಮಷೀನ್ ಕಾಯಿಸಲೇನ?” ಎಂದನಂತೆ.

ಇವರು ಸೂತಕ ಹಿಡಿದವರ ಹಾಗೆ ಮೂಲೆಗೆ ಕೂತರು. ಊಟ ಬೇಡ, ಮಾತು ಬೇಡ. ಕಲೆ ಸತ್ತಿತು ಎಂದರು. ನಾನು ಕೇಳಿದೆ, “ಕೂಡಿಸಿ ವಿಭೂತಿ ಹಚ್ಚಲೇನ್ರಿ? ಫೋಟೋದಾಂವಗ ಹೇಳಿ ಕಳಸಲ್ಯಾ?” ಆ ಮಾತಿಗೆ ಸಿಟ್ಟಾಗಿ ಎದ್ದುಹೋದವರು ಬರುವಾಗ ಡಿಜಿಟಲ್ ಕ್ಯಾಮೆರಾ ತಂದರು.

ಹೊಸ ಕ್ಯಾಮೆರಾಕ್ಕೆ ಅಡಿಗೆಮನೆಯಲ್ಲೇ ಪೂಜೆ ನಡೆಯಿತು, ದೇವರ ಜಗಲಿ ಅಲ್ಲೇ ಇದೆ. ಕುಂಕುಮ ಲೆನ್ಸಿಗೇ ಹಚ್ಚಿ, ಆಮೇಲೆ ಧೋತರದ ಚುಂಗಿನಿಂದ ಅದನ್ನು ತಿಕ್ಕುತ್ತ ಕುಳಿತರು. ಹಳೆಯ ಫ್ಲಾಶನ್ನೇ ಅದರ ತಲೆಯ ಮೇಲೆ ಕೂರಿಸಿದರು, ಅದೊಂದನ್ನು ಬಿಡಲು ಮನಸ್ಸಿರಲಿಲ್ಲ. ಈ ಗದ್ದಲದಲ್ಲಿ ಹಾಲು ಉಕ್ಕಿ ಒಲೆ ಆರಿತ್ತು. “ಕಣ್ಣ ಎಲ್ಲಿಟ್ಟೀರಿ? ಎದುರಿಗಿದ್ದ ಹಾಲ ಕಾಣಸಲಿಲ್ಲ?” ಎಂದು ನಾನು ಕಣ್ಣು ದೊಡ್ಡದು ಮಾಡಿ ಬೈಯುತ್ತಿರುವಾಗಲೇ ಮುಖದ ಮೇಲೆ ಬೆಳಕು ಬಿತ್ತು. ಇವರ ಡಿಜಿಟಲ್ ಕ್ಯಾಮೆರಾದ ಮೊದಲ ಫೋಟೋ ಅದು. ಮದುವೆಯಾಗಿ ಇಷ್ಟು ವರ್ಷಕ್ಕೆ ಇವರು ತೆಗೆದ ನನ್ನ ಮೊದಲ ಫೋಟೋವೂ ಅದೇ. ರೀಲು ಖರ್ಚಾಗುವುದಿಲ್ಲವಲ್ಲ, ಹೆಂಡತಿಯ ಮೇಲೂ ಪ್ರೀತಿ ಹುಟ್ಟಿತ್ತು.

ಹೊಸ ಕ್ಯಾಮೆರಾ ಹಿಡಿದು ಹೋದ ಮೊದಲ ಮದುವೆಯಲ್ಲಿ ಇವರು ಚಟ ಬಿಡಲಾಗದೆ ಒಬ್ಬ ಬೀಗರಿಗೆ ಖಾಲಿ ಫ್ಲಾಶ್ ಹೊಡೆದು ನಾಲಗೆಯಿಂದ ಟಕ್ ಎಂದರು. ಆ ಮನುಷ್ಯ ಊಟಕ್ಕೆ ಹೋಗಬೇಕೋ ಬೇಡವೋ? ಇವರ ಬೆನ್ನ ಹಿಂದೆ ಬಂದು ನಿಂತು, “ತೋರಸ್ರಿ, ಹೆಂಗ ಬಂದೇನಿ?” ಎಂದ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅವನ ಬದಲು ಮೊದಲೇ ತೆಗೆದಿದ್ದ ಹೋಳಿಗೆಯ ಬುಟ್ಟಿ ಇತ್ತು. ಅಲ್ಲಿಗೆ ಖಾಲಿ ಫ್ಲಾಶಿನ ವಿದ್ಯೆಗೆ ಮಂಗಳ ಹಾಡಿದರು.

ಆಮೇಲೆ ಇವರ ಬೆರಳಿಗೆ ಕೆರೆತ ಹತ್ತಿತು. ಮೊದಲು ಒಂದು ಫೋಟೋಕ್ಕೆ ಹಾರ ಬಾಡುವ ತನಕ ಯೋಚಿಸುತ್ತಿದ್ದವರು ಈಗ ಹಾರ ಹಾಕುವುದರೊಳಗೆ ನೂರು ಹೊಡೆಯತೊಡಗಿದರು. ಮದುಮಗಳು ಸೀನಿದ್ದು, ಮಂತ್ರ ಹೇಳುವ ಐನಾರು ಆಕಳಿಸಿದ್ದು, ನಾಯಿ ಚಪ್ಪಲಿ ಕಚ್ಚಿಕೊಂಡು ಓಡಿದ್ದು ಎಲ್ಲವೂ ಬಂದವು. ‘ಆಮ್ಯಾಲ ಆರಿಸಿದ್ರಾತು’ ಎನ್ನುತ್ತಿದ್ದರು. ಆರಿಸುವ ಕೆಲಸ ನನಗೆ ಬಂತು.

ನಂತರ ಕಂಪ್ಯೂಟರ್ ಬಂತು. ವಿಜಯಪುರಕ್ಕೆ ಹೋಗಿ ಬಂದು ಇವರು ಅದರಲ್ಲಿ ಕತ್ತರಿಸುವುದನ್ನೂ ಅಂಟಿಸುವುದನ್ನೂ ಕಲಿತರು. ಕಲಿತದ್ದು ಅಷ್ಟೇ, ಆದರೆ ಅದನ್ನು ‘ಟೆಕ್ನಿಕ್’ ಎಂದು ಕರೆದರು. ಬ್ರಶ್ಶು ಡಬ್ಬಿ ಸೇರಿತು. ಸತ್ತವರ ಮನೆಯಲ್ಲಿ ಕೂತು ಕೇಳುವುದು ನಿಂತಿತು. ಹೋಗುವುದು, ಹೊಡೆಯುವುದು, ಬರುವುದು. ಮರುದಿನವೇ ಕಣ್ಣು ತೆರೆದ ಫೋಟೋ ತಯಾರು. ಇಷ್ಟು ಬೇಗ ಹೇಗೆ ಎಂದು ನನಗೂ ಗೊತ್ತಿರಲಿಲ್ಲ, ಹಿಂದಿನ ಓಣಿಯ ಒಂದು ಮನೆಗೆ ಅರಿಷಿಣ ಕುಂಕುಮಕ್ಕೆ ಹೋಗುವ ತನಕ. ಆ ಮನೆಯ ತೀರಿಕೊಂಡ ಮುದುಕಿ ಗೋಡೆಯ ಮೇಲಿನಿಂದ ನನ್ನನ್ನೇ ಬಿಡುಗಣ್ಣಿನಿಂದ ನೋಡುತ್ತಿದ್ದಳು. ಆ ನೋಟವನ್ನು ನಾನು ಎಲ್ಲೋ ಕಂಡಿದ್ದೆ. ಹಾಲು ಉಕ್ಕಿದ ದಿನದ ನೋಟ ಅದು.

ಮನೆಗೆ ಬಂದವಳೇ ಕೇಳಿದೆ, “ರೀ, ಆ ಅಜ್ಜಿ ಫೋಟೋದಾಗ ಯಾರ ಕಣ್ಣ ಅದಾವ?”

“ಅಜ್ಜೀವ.”

“ನನ್ನ ಕಣ್ಣಿನ ಗುರ್ತ ನನಗ ಹತ್ತೂದಿಲ್ಲೇನ್ರಿ?”

“ನಿನಗ ಹತ್ತಲಿ ಬಿಡು, ಮಂದಿಗೆ ಹತ್ತಬಾರದು ಅಷ್ಟ” ಎಂದರು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಸಮಾಧಾನ ಮಾಡುವವರ ಹಾಗೆ, “ಅಷ್ಟ ದೊಡ್ಡದಾಗಿ ಯಾರೂ ಕಣ್ಣ ತೆರದಿರೂದಿಲ್ಲ, ಅದಕ” ಎಂದು ಸೇರಿಸಿದರು.

ಮುದುಕಿಯರಿಗೆ ಮಾತ್ರವಲ್ಲ, ಗಂಡಸರಿಗೂ ಅವೇ ಕಣ್ಣು, ಹುಬ್ಬು ಮಾತ್ರ ದಪ್ಪ. ಬಬಲೇಶ್ವರದಲ್ಲಿ ಒಬ್ಬ ಪೈಲ್ವಾನರು ಮೀಸೆ ತಿರುವಿಕೊಂಡು ನನ್ನ ಕಣ್ಣಿನಿಂದ ಜಗತ್ತನ್ನು ಹೆದರಿಸುತ್ತಿದ್ದಾರೆ. ಜನಕ್ಕೆ ಇದು ಹಿಡಿಸಿತು. “ಅತ್ತಿ ಸತ್ತರೂ ಹಾಲ ಉಕ್ಕಿಸಿದ್ರ ಬೈತಾಳ ಅನಸ್ತೈತಿ ನೋಡ್ರಿ, ಜೀವಂತ ಅದಾವ ಕಣ್ಣ” ಎಂದು ಒಬ್ಬ ಸೊಸೆ ನನ್ನೆದುರಿಗೇ ಹೇಳಿದಳು. ಸಿದ್ದಲಿಂಗೇಶನ ಕಂಪ್ಯೂಟರಿನಲ್ಲಿ ಜಾದೂ ಇದೆ ಎಂದು ಹೆಸರಾಯಿತು.

ಆ ಹೆಸರು ಕಳ್ಳಕವಟಗಿಗೂ ಮುಟ್ಟಿತು. ಅಲ್ಲಿಯ ಶಿವಯೋಗೆಪ್ಪ ಕಾಕಾನ ಹೆಂಡತಿ ಗುರುಬಸವ್ವ ತೀರಿಕೊಂಡಾಗ ಮಗ ಸತೀಶಕುಮಾರ ಇವರಿಗೇ ಹೇಳಿ ಕಳಿಸಿದ. ಗುರುಬಸವ್ವನದು ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗುವ ಹೆಂಗಸು. ವೋಟರ್ ಕಾರ್ಡಿನಲ್ಲಿ ಒಂದಿತ್ತು ನಿಜ, ಆದರೆ ಅದರಲ್ಲಿದ್ದದ್ದು ಗುರುಬಸವ್ವನೋ ಜೋಳದ ಚೀಲವೋ ಹೇಳುವುದು ಕಷ್ಟವಿತ್ತು. ಇವರು ಹೋದರು, ಕೂಡಿಸಿದ್ದ ಗುರುಬಸವ್ವನ ಫೋಟೋ ಹೊಡೆದರು. ಅದೇ ದಿನ ತೊರವಿಯಲ್ಲಿ ಒಬ್ಬ ಬಸುರಿಯ ಕುಬಸದ ಫೋಟೋ ಒಪ್ಪಿಕೊಂಡಿದ್ದರು, ಹೀಗಾಗಿ ಕಣ್ಣು ಹೇಗಿದ್ದವು ಎಂದು ಕೇಳುವ ಮಾತೇ ಇಲ್ಲ. ಕಣ್ಣು ಹೇಗಿದ್ದರೇನು, ಹಾಕುವುದು ನನ್ನವೇ ತಾನೆ?

ಗುರುಬಸವ್ವನ ಹೆಸರಿನಲ್ಲಿ ಮಾಡಿದ ಶಿವಗಣಾರಾಧನೆಗೆ ನಮ್ಮಿಬ್ಬರನ್ನೂ ಕರೆದಿದ್ದರು. ಹೊರಡುವಾಗ ಇವರು ನನ್ನ ಕೈಗೆ ಒಂದು ಕಪ್ಪು ಚಷ್ಮಾ ಕೊಟ್ಟರು. “ಕಣ್ಣ ಬಂದಾವಂತ ಹೇಳು. ಫೋಟೋದ ಬಾಜೂಕ ನೀ ನಿಂತಿ ಅಂದ್ರ ಯಾರರ ಹೊಂದಿಸಿ ನೋಡತಾರು.” ನನ್ನ ಕಣ್ಣು ನಾಲ್ಕು ಮಂದಿಯಲ್ಲಿ ಬಿಚ್ಚಿಕೊಂಡು ಕೂತಿರಬಹುದು, ನಾನು ಮಾತ್ರ ಮುಚ್ಚಿಕೊಂಡು ಕೂರಬೇಕು. ಚಷ್ಮಾ ಹಾಕಿಕೊಂಡೇ ಹೋದೆ.

ಪಡಸಾಲೆಯ ನಡುವೆ ಕುರ್ಚಿಯ ಮೇಲೆ ದೊಡ್ಡ ಫೋಟೋ ಇಟ್ಟು ಹೂವು ಏರಿಸಿದ್ದರು. ಬಬಲೇಶ್ವರಕ್ಕೆ ಕೊಟ್ಟ ಮಗಳು ರಾಜೇಶ್ವರಿ ಆಗಷ್ಟೇ ಬಂದು, ‘ಯವ್ವಾ’ ಎಂದು ಅಳುತ್ತ ಫೋಟೋದ ಮುಂದೆ ಕುಸಿದವಳು ತಲೆಯೆತ್ತಿ ನೋಡಿ ಅಳುವುದನ್ನೇ ನಿಲ್ಲಿಸಿದಳು.

“ಅಣ್ಣಾ, ಅವ್ವನ ಕಣ್ಣ ಹಿಂಗ್ಯಾಕ ಅದಾವ?”

“ನೆಟ್ಟಗ ಆಗ್ಯಾವ, ಚಲೋ ಆತಲ್ಲ. ಮಂದಿ ನೋಡೂ ಫೋಟೋ ಅದು” ಎಂದ ಸತೀಶಕುಮಾರ.

ಆಗ ನನಗೆ ಗೊತ್ತಾಯಿತು. ಗುರುಬಸವ್ವನದು ಮೆಳ್ಳಗಣ್ಣು. ಹುಟ್ಟಿನಿಂದಲೇ ಎಡಗಣ್ಣಿನ ಗುಡ್ಡೆ ಹೊರಗೆ ತಿರುಗಿತ್ತು. ಅದಕ್ಕೇ ಆಕೆ ಕ್ಯಾಮೆರಾ ಕಂಡರೆ ಒಳಗೆ ಹೋಗುತ್ತಿದ್ದದ್ದು. ಇವರು ಮುಚ್ಚಿದ ರೆಪ್ಪೆ ನೋಡಿ ಬಂದಿದ್ದರು, ಒಳಗೆ ಏನಿತ್ತು ಎಂದು ಕೇಳಿರಲಿಲ್ಲ. ನನಗೆ ಚಷ್ಮಾದ ಹಿಂದೆ ನಿಜವಾಗಿಯೂ ಕಣ್ಣು ಉರಿಯತೊಡಗಿತು.

ಅಷ್ಟರಲ್ಲಿ ಶಿವಯೋಗೆಪ್ಪ ಕಾಕಾ ಕೋಲೂರಿಕೊಂಡು ಬಂದು ಫೋಟೋದ ಮುಂದೆ ನಿಂತ. ಬಹಳ ಹೊತ್ತು ನೋಡಿದ.

“ಇಕಿ ಯಾರು?” ಎಂದ.

“ಅವ್ವ ಅಲ್ಲೇನ ಯಪ್ಪಾ!” ಎಂದ ಮಗ.

“ಐವತ್ತ ವರ್ಸ ಬಾಳೇವಿ ಮಾಡೇನಿ. ಅಕಿದು ಒಂದ ಕಣ್ಣ ನನ್ನ ಮ್ಯಾಲ ಇದ್ರ ಇನ್ನೊಂದು ಎಮ್ಮಿ ಮ್ಯಾಲ ಇರತಿತ್ತು. ಇಕಿ ಎರಡೂ ಕಣ್ಣ ನನ್ನ ಮ್ಯಾಲ ಇಟ್ಟ ಗುರಾಯಿಸಾಕತ್ತಾಳ. ಇಕಿ ನನ್ನ ಹೇಂತಿ ಅಲ್ಲ.”

ಯಾರೋ ಕಿಸಕ್ಕನೆ ನಕ್ಕರು. ಕಾಕಾ ತಿರುಗಿ ನೋಡಿದ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದರು. ಇವರು ಮುಂದೆ ಬಂದು, “ಕಾಕಾ, ಕಾಕುದು ಕಣ್ಣ ತೆರದ ಫೋಟೋ ಯಾವದೂ ಇರಲಿಲ್ಲಲ್ರಿ, ಅದಕ ಹಿಂಗಾಗೈತಿ” ಎಂದು ಹೇಳತೊಡಗಿದರು.

“ಯಾಕಿಲ್ಲ? ನಿನ್ನ ಹಂತ್ಯಾಕ ಐತಿ.”

ಇವರ ಮುಖ ಇಳಿಯಿತು. ಕಾಕಾ ಕುರ್ಚಿಯ ತೋಳು ಹಿಡಿದು ನಿಂತು ಹೇಳಿದ.

“ರಾಜೇಶ್ವರಿ ಮದಿವ್ಯಾಗ, ಬಬಲೇಶ್ವರದಾಗ. ನೀನ ಬಂದಿದ್ದಿ, ರೀಲಿನ ಕ್ಯಾಮೆರಾ ತಗೊಂಡು. ಹುಟ್ಟಿದಾಗಿಂದ ಫೋಟೋಕ್ಕ ನಿಲ್ಲದಾಕಿ ಅವತ್ತ ನಾ ಅಂಗಲಾಚಿ ಕರದೆ ಅಂತ ನನ್ನ ಬಾಜೂಕ ನಿಂತಳು. ಸೆರಗ ಸರಿಸಿ, ಮಾರಿ ಎತ್ತಿ ನಿಂತಳು. ನೀ ಫ್ಲಾಶ್ ಹೊಡದಿ. ಆಲ್ಬಮ್ ಬಂದ ಮ್ಯಾಲ ನೋಡಿದ್ರ ಅದು ಇರಲಿಲ್ಲ. ಕೇಳಿದ್ರ ‘ಕಾಕು ಕಣ್ಣ ಮುಚ್ಚಿದ್ರು, ಪ್ರಿಂಟ್ ಹಾಕಲಿಲ್ಲ’ ಅಂದಿ. ಮನಿಗೆ ಬಂದು ಅಕಿನ್ನ ಬೈದೆ. ಒಂದ ಸಲ ನಿಂತಿದ್ದಿ, ಅದನೂ ಕೆಡಿಸಿದೆಲ್ಲ ಅಂದೆ. ‘ಮನಿದೇವರು ಕಲ್ಲಪ್ಪನ ಆಣಿ, ನಾ ಕಣ್ಣ ಮುಚ್ಚಿಲ್ಲ’ ಅಂದಳು. ಸಾಯೂತನಕ ಅದನ್ನ ಅಂದಳು. ನಾ ನಂಬಲಿಲ್ಲ. ಜಗಳ ಬಂದಾಗೊಮ್ಮೆ ನಾ ಆ ಮಾತ ತಗದ ಅಕಿ ಬಾಯಿ ಮುಚ್ಚಸತಿದ್ದೆ.” ಕಾಕಾ ಉಸಿರು ಎಳೆದುಕೊಂಡ. “ತಮ್ಮಾ, ಆ ನೆಗೆಟಿವ್ ತೋರಸು. ಚಂದ ಇರದಿದ್ರೂ ನಡೀತೈತಿ. ಅಕಿ ಕಣ್ಣ ಮುಚ್ಚಿದ್ದಳೋ ಇಲ್ಲೋ, ನಾ ನೋಡಬೇಕು.”

“ಹುಡುಕತೇನ್ರಿ ಕಾಕಾ” ಎಂದರು ಇವರು.

ಬಸ್ಸಿನಲ್ಲಿ ಬರುವಾಗ ನಾನು ಚಷ್ಮಾ ತೆಗೆದು ಇವರ ಮುಖ ನೋಡಿದೆ. “ಖಾಲಿ ಫ್ಲಾಶಾ?” ಇವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು, “ರೀಲಿನ್ಯಾಗ ಎರಡ ಉಳದಿದ್ದುವು. ಹೆಣ್ಣ ಒಪ್ಪಸೂದು ಬಾಕಿ ಇತ್ತು. ನಾ ಏನ ಮಾಡಬೇಕಿತ್ತು? ಮೊನ್ನೆ ಕಣ್ಣ ಮುಚ್ಚಿ ಕೂಡಿಸಿದಾಗ ಇವರ ಅವರು ಅಂತ ಗುರ್ತ ಹತ್ತಲಿಲ್ಲ.” ತೆಗೆದ ಸಾವಿರ ಫೋಟೋದಲ್ಲಿ ಒಂದೂ ನೆನಪಿಲ್ಲದ ಮನುಷ್ಯನಿಗೆ ತೆಗೆಯದೇ ಇದ್ದ ಈ ಒಂದು ಚೆನ್ನಾಗಿ ನೆನಪಿತ್ತು.

ಒಂದೆರಡು ಸಲ ಕೇಳಿ ಮುದುಕ ಸುಮ್ಮನಾಗುತ್ತಾನೆ ಎಂದು ಇವರ ಲೆಕ್ಕಾಚಾರ. ಶಿವಯೋಗೆಪ್ಪ ಕಾಕಾ ಸುಮ್ಮನಾಗುವ ಜಾತಿಯಲ್ಲ. ಪ್ರತಿ ಸಂತೆಯ ದಿನ ಬಸ್ ಇಳಿದು ನೇರ ಅಂಗಡಿಗೆ ಬರತೊಡಗಿದ. “ಸಿಕ್ತೇನಪಾ?” “ಹುಡುಕಾಕತ್ತೇನ್ರಿ.” ಇವರು ಕಾಕಾನ ಎದುರಿಗೇ ಹಳೆಯ ನೆಗೆಟಿವ್‌ಗಳ ಟ್ರಂಕು ತೆಗೆದು, ಇಲ್ಲದ್ದನ್ನು ಬೆವರು ಸುರಿಸಿ ಹುಡುಕುತ್ತಿದ್ದರು. ನಾಲಗೆಯಿಂದ ಟಕ್ ಎನ್ನುವುದಕ್ಕಿಂತ ಇದರಲ್ಲಿ ನಟನೆ ಹೆಚ್ಚು ಬೇಕಾಗುತ್ತಿತ್ತು.

ಕಡೆಗೊಮ್ಮೆ ಕಾಕಾ, “ನೀ ಧಂದೇಕ ಹತ್ತು, ನಾನ ನೋಡತೇನಿ” ಎಂದು ತಾನೇ ಟ್ರಂಕಿನ ಮುಂದೆ ಕೂತ. ನಮ್ಮ ಸ್ಟುಡಿಯೋದಲ್ಲಿ ಗೋಲಗುಂಬಜಿನ ಚಿತ್ರದ ಪರದೆ ಇದೆ. ನಿಜವಾದ ಗೋಲಗುಂಬಜ್ ಒಂದು ಬಸ್ಸಿನ ದಾರಿ, ಆದರೂ ಜನಕ್ಕೆ ನಮ್ಮ ಪರದೆಯ ಮುಂದೆ ನಿಲ್ಲುವುದೇ ಇಷ್ಟ. ಆ ಪರದೆಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತು, ಒಂದೊಂದೇ ನೆಗೆಟಿವ್ ಪಟ್ಟಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡತೊಡಗಿದ. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ, ಮುಖ ಕಪ್ಪು, ಕೂದಲು ಬಿಳಿ. ಯಾರ್ಯಾರದೋ ಮದುವೆ, ಯಾರ್ಯಾರದೋ ಮಕ್ಕಳ ಜವಳ. ಕಾಕಾ ತುಟಿಯೊಳಗೇ “ಇಕಿ ಅಲ್ಲ… ಇಕಿನೂ ಅಲ್ಲ” ಎನ್ನುತ್ತಿದ್ದ. ಒಮ್ಮೆ ನೋಡಿದ ಪಟ್ಟಿಯನ್ನೇ ಎರಡೂ ಕೈಯಲ್ಲಿ ಹಿಡಿದು ಮತ್ತೆ ನೋಡುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ಇವರ ಹೆಸರು ಹಾಳಾದರೆ ಹಾಳಾಗಲಿ, ಬೋರ್ಡಿನ ಮೇಲೆ ಇರುವುದು ನನ್ನ ಹೆಸರು ಎನ್ನಿಸಿತು.

“ಕಾಕಾ, ಹುಡುಕಬ್ಯಾಡ್ರಿ. ಅದು ಇಲ್ಲ. ಅದು ಯಾವತ್ತೂ ಇರಲೇ ಇಲ್ಲ.”

ಇವರು ಕೌಂಟರಿನ ಆಚೆಯಿಂದ, “ಏ, ಸುಮ್ನ ಕುಂಡರ್ ಬೇ!” ಎಂದು ಗದರಿದರು.

“ನೀವ ಸುಮ್ನ ಕುಂಡರ್ರಿ. ಇಷ್ಟ ದಿನ ಮಂದೀನ ಕುಂಡ್ರಿಸಿದ್ದ ಸಾಕಾತು. ಆ ಫ್ಲಾಶ್ ತಗೊಂಡ ಬರ್ರಿ ಇಲ್ಲಿ. ಕಾಕಾಗ ತೋರಸ್ರಿ, ಅವತ್ತ ಏನ ಮಾಡಿದ್ರಿ ಅಂತ.”

ನಾನು ದೊಡ್ಡದು ಮಾಡಿದ ಆ ಕಣ್ಣುಗಳ ಬೆಲೆ ಇವರಿಗೆ ಚೆನ್ನಾಗಿ ಗೊತ್ತು, ಎಷ್ಟೋ ಮನೆಗೆ ಮಾರಿದ್ದಾರೆ. ಎದ್ದು ಬಂದರು. ಕ್ಯಾಮೆರಾದ ತಲೆಯಿಂದ ಹಳೆಯ ಫ್ಲಾಶನ್ನು ಬಿಚ್ಚಿ ಕೈಯಲ್ಲಿ ಹಿಡಿದರು. ಕ್ಯಾಮೆರಾ ಕೌಂಟರಿನ ಮೇಲೆಯೇ ಇತ್ತು. ಕಾಕಾನ ಎದುರು ನಿಂತು, ಹೆಬ್ಬೆರಳಿನಿಂದ ಗುಂಡಿ ಒತ್ತಿದರು. ಬೆಳಕು ಕಾಕಾನ ಮುಖದ ಮೇಲೆ ಬಿತ್ತು. ಇವರ ಬಾಯಿಂದ ‘ಟಕ್’ ಎಂಬ ಸದ್ದು ಬಂತು, ಬಹಳ ಸಣ್ಣದಾಗಿ.

ಕಾಕಾ ಕಣ್ಣುಜ್ಜಿಕೊಂಡ. ಫ್ಲಾಶ್ ನೋಡಿದ, ದೂರದಲ್ಲಿದ್ದ ಕ್ಯಾಮೆರಾ ನೋಡಿದ, ಇವರ ಬಾಯಿಯನ್ನು ನೋಡಿ ಕೇಳಿದ, “ಅಷ್ಟನ?”

“ಅಷ್ಟರಿ.”

“ಹಂಗಾರ ಅಕಿ ಕಣ್ಣ ಮುಚ್ಚಿದ್ದು?”

“ಅದು ಎಲ್ಲಾರಿಗೂ ಹೇಳೂ ಮಾತರಿ ಕಾಕಾ. ಕಾಕು ಮುಚ್ಚಿರಲಿಲ್ಲ. ಎರಡೂ ಕಣ್ಣ ತೆರದ ನಿಂತಿದ್ರು. ನಾ ನೋಡೇನ್ರಿ.” ಇಷ್ಟು ವರ್ಷದಲ್ಲಿ ಅಂಗಡಿಯಲ್ಲಿ ನಿಂತು ಇವರು ಆಡಿದ ಮೊದಲ ನಿಜ ಅದೇ ಇರಬೇಕು.

ಕಾಕಾ ಬೈಯುತ್ತಾನೆ ಎಂದುಕೊಂಡೆ. ಕೋಲು ಎತ್ತಿದರೂ ನಾನು ನಡುವೆ ಹೋಗುತ್ತಿರಲಿಲ್ಲ. ಆದರೆ ಅವನು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತವನು ಕೂತ ಹಾಗೆಯೇ, “ಈಗ ಬೆಳಕ ಬಿತ್ತಲ್ಲ, ಕಣ್ಣ ಮುಚ್ಚಿದಾಂವ ನಾನ. ಅವತ್ತೂ ನಾನ ಮುಚ್ಚಿರಬೇಕು. ಇಲ್ಲಂದ್ರ ಬಾಜೂಕ ನಿಂತಾಕಿ ಕಣ್ಣ ತೆರದದ್ದು ನನಗ ಕಾಣತಿತ್ತಲ್ಲ” ಎಂದ. ಆಮೇಲೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಇಷ್ಟು ದೊಡ್ಡ ಮನುಷ್ಯ ಅಳುವುದನ್ನು ನೋಡುತ್ತ ನಿಲ್ಲುವುದು ಬಹಳ ಕಷ್ಟ. ನಾನು ಅಂಗಡಿಯ ಹಿಂದಿನ ನಮ್ಮ ಅಡಿಗೆಮನೆಗೆ ಹೋಗಿ ಚಹಾ ಇಟ್ಟೆ. ನನಗೂ ಅಳು ಬಂದಿತ್ತು, ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ.

ಚಹಾ ತರುವಷ್ಟರಲ್ಲಿ ಇವರು ಕಾಕಾನ ಎದುರಿಗೆ ಇನ್ನೊಂದು ಸ್ಟೂಲು ಎಳೆದುಕೊಂಡು ಕೂತಿದ್ದರು. ಬಹಳ ದಿನಗಳಿಂದ ಕೇಳದೇ ಬಿಟ್ಟಿದ್ದ ಮಾತನ್ನು ಕೇಳುತ್ತಿದ್ದರು.

“ಕಾಕಾ, ಕಾಕುನ ಕಣ್ಣ ಹೆಂಗಿದ್ದುವ್ರಿ?”

ಕಾಕಾ ಚಹಾ ಬಸಿಯಲ್ಲಿ ಹಾಕಿಕೊಂಡು ಕುಡಿದ. ಆಮೇಲೆ ಶುರುಮಾಡಿದ. ಬಲಗಣ್ಣು ನೆಟ್ಟಗೆ, ಎಡಗಣ್ಣು ಹೊರಗೆ. ಸಿಟ್ಟು ಬಂದರೆ ಇನ್ನಷ್ಟು ಹೊರಗೆ. ಮದುವೆಯಾದ ಹೊಸತರಲ್ಲಿ ಆಕೆ ತನ್ನನ್ನು ನೋಡುತ್ತಿದ್ದಾಳೋ ಹಿಂದೆ ನಿಂತ ತನ್ನ ತಮ್ಮನನ್ನು ನೋಡುತ್ತಿದ್ದಾಳೋ ತಿಳಿಯದೆ ಕಾಕಾನಿಗೆ ಬಹಳ ಫಜೀತಿಯಾಗಿತ್ತಂತೆ. ಅದನ್ನು ಹೇಳಿ ಕಾಕಾ ನಕ್ಕ, ಇವರೂ ನಕ್ಕರು. ಹೊರಗೆ ಕಳ್ಳಕವಟಗಿಯ ಬಸ್ಸು ಬಂತು, ಹೋಯಿತು. ಅವನು ಏಳಲಿಲ್ಲ.

ಇವರು ಕಂಪ್ಯೂಟರ್ ಹಚ್ಚಿದರು. ಪರದೆಯ ತುಂಬ ಗುರುಬಸವ್ವನ ಮುಖ, ಅದರಲ್ಲಿ ಹಾಲು ಉಕ್ಕಿದ ದಿನದ ನನ್ನ ಕಣ್ಣು. ಇವರು ಮೊದಲು ರೆಪ್ಪೆಗಳನ್ನು ಇಳಿಸಿ ಸಿಟ್ಟು ತೆಗೆದರು. ಆಮೇಲೆ ಎಡಗಣ್ಣಿನ ಗುಡ್ಡೆಯನ್ನು ಹೊರಗೆ ಸರಿಸತೊಡಗಿದರು. ಕಾಕಾ ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದ.

“ಇನ್ನೊಂಚೂರು ಹೊರಗ.”

“ಸಾಕೇನ್ರಿ?”

“ಏ, ಭಾಳಾತು! ಎಮ್ಮಿ ಕೊಟ್ಟಿಗಿ ದಾಟಿ ಹಳ್ಳಕ್ಕ ಹೋತು. ಒಳಗ ತಗೋ. ಒಂಚೂರು. ಇನ್ನೊಂಚೂರು… ಹಾಂ. ನಿಂದರಸು. ಕೈ ಹಚ್ಚಬ್ಯಾಡ.”

ಕಾಕಾ ಹಿಂದೆ ಸರಿದು ಕೂತ. ಒಂದು ಕಣ್ಣು ಅವನ ಮೇಲೆ, ಇನ್ನೊಂದು ಬಾಗಿಲ ಆಚೆ ಯಾವುದೋ ಎಮ್ಮೆಯ ಮೇಲೆ ಇಟ್ಟುಕೊಂಡು ಗುರುಬಸವ್ವ ಪರದೆಯಲ್ಲಿ ಕೂತಿದ್ದಳು. ಕಣ್ಣು ನನ್ನವೇ, ಆದರೆ ನೋಡುತ್ತಿದ್ದವಳು ನಾನಲ್ಲ.

“ಬಂದೇನ ಬೇ?” ಎಂದು ಕಾಕಾ ಪರದೆಗೆ ಹೇಳಿದ. “ನೀ ಕಣ್ಣ ಮುಚ್ಚಿರಲಿಲ್ಲ ಬಿಡು. ನಂದ ತಪ್ಪು.”

ಇವರು ಮುಖ ಆ ಕಡೆ ತಿರುಗಿಸಿ, ಬಿಚ್ಚಿಟ್ಟ ಫ್ಲಾಶನ್ನು ಒರೆಸುತ್ತ ನಿಂತರು. ಪ್ರಿಂಟನ್ನು ಮರುದಿನವೇ ಮನೆಗೆ ತಂದುಕೊಡುವುದಾಗಿ ಹೇಳಿದಾಗ ಕಾಕಾ ತಲೆಯಾಡಿಸಿ, ಕೋಲು ಹುಡುಕಿಕೊಂಡು ಎದ್ದ. ಬಾಗಿಲ ತನಕ ಹೋದವನು ನನ್ನ ಮುಂದೆ ನಿಂತು ನನ್ನ ಮುಖವನ್ನು ನೇರವಾಗಿ ನೋಡಿದ. ನಾನು ಅವತ್ತು ಚಷ್ಮಾ ಹಾಕಿರಲಿಲ್ಲ.

“ಯವ್ವಾ, ಕಣ್ಣ ನಿನ್ನವ ಅದಾವ. ಅವತ್ತ ಚಷ್ಮಾ ಹಾಕ್ಕೊಂಡ ಬಂದಾಗ ಗೊತ್ತಾಗಿರಲಿಲ್ಲ, ಈಗ ಗೊತ್ತಾತು” ಎಂದ. “ನಾ ಇರೂತನಕ ನಮ್ಮನ್ಯಾಗ ಇರಲಿ. ನಡೀತೈತಿಲ್ಲ?”

ನಾನು ಹೂಂ ಎಂದು ತಲೆಯಾಡಿಸಿ, ಅವನ ಕೈ ಹಿಡಿದು ರಸ್ತೆ ದಾಟಿಸಿ, ಮುಂದಿನ ಬಸ್ ಬರುವ ತನಕ ಜೊತೆಗೆ ನಿಂತುಕೊಂಡೆ.